ಕೆಂಪು ಬಣ್ಣದ ಶಾಲೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ತಾಲ್ಲೂಕಿನ ಪ್ರೌಢಶಾಲೆಗಳನ್ನೆಲ್ಲ ಶೇಕಡಾವಾರು ಜೋಡಿಸಿ ಪಟ್ಟಿ ಮಾಡುವುದು ನನ್ನ ಕೆಲಸ. ಗಣಿತ ಶಿಕ್ಷಕಿಯಾಗಿದ್ದ ನನ್ನನ್ನು ಸಂಪನ್ಮೂಲ ವ್ಯಕ್ತಿಯಾಗಿ ನಿಯೋಜಿಸಿದ್ದರು. ಕೊಡಗು ಚಿಕ್ಕ ಜಿಲ್ಲೆ. ಯಾವ ಶಾಲೆ ಎಷ್ಟನೆಯದು ಎಂಬುದು ಸಂಜೆಯೊಳಗೆ ಬಸ್ ಸ್ಟ್ಯಾಂಡಿಗೂ ಗೊತ್ತಾಗಿರುತ್ತದೆ. ಕೊನೆಯ ಐದು ಶಾಲೆಗಳಿಗೆ ನಾನು ಕೆಂಪು ಬಣ್ಣ ಹಚ್ಚುತ್ತಿದ್ದೆ. ಆ ಬಣ್ಣ ನೋಡಿಯೇ ಕಾರಣ ಕೇಳಿ ನೋಟಿಸ್ ಹೋಗುತ್ತಿತ್ತು.

ಒಂದು ವರ್ಷ ಕಟ್ಟಕಡೆಗೆ ಬಂದದ್ದು ಕಾಫಿ ತೋಟಗಳ ನಡುವಿನ ಸಣ್ಣ ಶಾಲೆ. ಪರೀಕ್ಷೆಗೆ ಕೂತವರು ಒಂಬತ್ತು, ಪಾಸಾದವರು ಐದು. ವಿಚಾರಿಸಲು ಹೋದಾಗ ಮುಖ್ಯ ಶಿಕ್ಷಕರು ವಾದ ಮಾಡಲಿಲ್ಲ, ಹಾಜರಿ ಪುಸ್ತಕ ತಂದು ಮುಂದಿಟ್ಟರು. “ಡಿಸೆಂಬರ್‌ನಿಂದ ನೋಡಿ ಮೇಡಂ” ಅಂದರು. ಕಾಫಿ ಕೊಯ್ಲು ಶುರುವಾದದ್ದೇ ನಾಲ್ಕು ಹೆಸರುಗಳ ಮುಂದೆ ಗೈರುಹಾಜರಿಯೇ ಗೈರುಹಾಜರಿ. ಎಲ್ಲ ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳು. ಅಪ್ಪ ಅಮ್ಮ ಬೆಳಗ್ಗೆ ತೋಟಕ್ಕೆ ಹೋದರೆ ತಮ್ಮ ತಂಗಿಯರಿಗೆ ಇವರೇ ದಿಕ್ಕು. ಅವರಲ್ಲಿಬ್ಬರು ಒಂಬತ್ತನೇ ತರಗತಿಯ ನಡುವೆ ಟಿ.ಸಿ. ತಂದು ಸೇರಿದವರು. ಗಣಿತಕ್ಕಂತೂ ಆ ವರ್ಷ ಆಗಸ್ಟ್ ಕಳೆಯುವ ತನಕ ಅತಿಥಿ ಶಿಕ್ಷಕರೂ ಸಿಕ್ಕಿರಲಿಲ್ಲ.

ವಾಪಸು ಬರುತ್ತಾ ಲೆಕ್ಕ ಹಾಕಿದೆ. ಒಂಬತ್ತರಲ್ಲಿ ಒಂದು ಮಗು ಎಂದರೆ ಶೇ. 11. ಇನ್ನೊಬ್ಬಳು ಪಾಸಾಗಿದ್ದರೆ 56 ಇದ್ದದ್ದು 67 ಆಗಿ ಕೆಂಪು ಬಣ್ಣವೇ ಬೀಳುತ್ತಿರಲಿಲ್ಲ. ತೊಂಬತ್ತು ಮಕ್ಕಳ ಶಾಲೆಯಲ್ಲಿ ಅದೇ ಒಂದು ಮಗುವಿನಿಂದ ಆಗುವ ವ್ಯತ್ಯಾಸ ಶೇ. 1ರಷ್ಟು. ಗಣಿತ ಕಲಿಸುವ ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೆ. ಪಟ್ಟಿಯ ಮೊದಲ ಸಾಲಿನಲ್ಲಿದ್ದದ್ದು ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ವಸತಿ ಶಾಲೆ. ಅಲ್ಲಿನ ಶಿಕ್ಷಕರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಬಂದ ಯಾವ ಮಗುವನ್ನೂ ಬೇಡ ಎನ್ನದ ಶಾಲೆಯನ್ನು ಅದರ ಪಕ್ಕದಲ್ಲಿಟ್ಟು ನಾಚಿಸುವುದು ಅನ್ಯಾಯ.

ಮರುವರ್ಷದಿಂದ ಮೂರು ವರ್ಷಗಳಲ್ಲಿ ಪರೀಕ್ಷೆಗೆ ಕೂತ ಮಕ್ಕಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕತೊಡಗಿದೆ. ಹಿಂದಿನ ವರ್ಷಕ್ಕಿಂತ ಏರಿತೋ ಇಳಿಯಿತೋ ಎಂಬ ಕಾಲಂ ನೋಡಿ ಯಾರನ್ನೂ ಬೈಯಬಾರದು ಎಂಬುದು ಇನ್ನೂ ತಡವಾಗಿ ತಿಳಿಯಿತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಶಿಕ್ಷಕರೆಲ್ಲ ಕಲಿಸುವುದನ್ನು ಮರೆತಿರಲಿಲ್ಲ.

ನಾನು ಸೇರಿಸಿದ ಇನ್ನೊಂದು ಕಾಲಂ, ಎಂಟನೇ ತರಗತಿಗೆ ಸೇರಿದವರೆಷ್ಟು, ಹತ್ತರ ಪರೀಕ್ಷೆಗೆ ಕೂತವರೆಷ್ಟು ಎಂಬುದು. ಕೆಂಪು ಬಣ್ಣ ಹಚ್ಚಿದ್ದ ಅದೇ ವರ್ಷದ ಮಕ್ಕಳಿಂದಲೇ ಶುರು ಮಾಡಿದೆ. ನೂರಕ್ಕೆ ನೂರು ಬಂದಿದ್ದ ಒಂದು ಶಾಲೆಯಲ್ಲಿ ಎಂಟಕ್ಕೆ ಸೇರಿದವರು 31, ಪರೀಕ್ಷೆಗೆ ಕೂತವರು 24. ಉಳಿದ ಏಳು ಮಕ್ಕಳನ್ನು ವಿದ್ಯಾರ್ಥಿಗಳ ದಾಖಲೆ ಇರುವ ಸ್ಯಾಟ್ಸ್ ತಂತ್ರಾಂಶದಲ್ಲಿ ಒಬ್ಬೊಬ್ಬರನ್ನಾಗಿ ಹುಡುಕುತ್ತಾ ಹೋದೆ. ಇಬ್ಬರ ಹೆಸರು ಕಂಡಾಗ ಕೈ ನಿಂತಿತು. ಆ ಹೆಸರುಗಳನ್ನು ನಾನು ತೋಟದ ಶಾಲೆಯ ಹಾಜರಿ ಪುಸ್ತಕದಲ್ಲಿ ಓದಿದ್ದೆ.

ಆ ದಿನವೇ ಕಡತದಲ್ಲಿ ಟಿಪ್ಪಣಿ ಬರೆದು ಸಹಿಗೆ ಇಟ್ಟೆ: ತೋಟದ ಶಾಲೆಗೆ ಇನ್ನು ನೋಟಿಸ್ ಬೇಡ, ಜೂನ್‌ನಲ್ಲೇ ಗಣಿತಕ್ಕೆ ಅತಿಥಿ ಶಿಕ್ಷಕರನ್ನು ಕೊಡಿ.