ಪಿಯುಸಿ ಹಾರಿಸಿ ಡಿಗ್ರಿ ಮಾಡುವ ಮುನ್ನ

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಊರಿಗಾಂ, ಮಾರಿಕುಪ್ಪಂ, ಚಾಂಪಿಯನ್ ರೀಫ್ ಕಡೆಯ ಎಷ್ಟೋ ಮಕ್ಕಳು ಓದು ಬಿಟ್ಟು ಬೆಂಗಳೂರಿನ ರೈಲು ಹತ್ತಿದರು. ಈಗ ಅವರಿಗೆ ಡಿಗ್ರಿ ಬೇಕು. ಆಸೆ ನ್ಯಾಯವಾದದ್ದೇ. ಆದರೆ ಸಲಹೆ ಕೇಳಿ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ದುಡ್ಡು ಕಳೆದುಕೊಂಡ ಮೇಲೆ ಬರುತ್ತಾರೆ.

ಅತಿ ದೊಡ್ಡ ಗುಂಡಿ ಇದು: ಪಿಯುಸಿ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದ ಪದವಿ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಬಿಪಿಪಿಯಂಥ ಪೂರ್ವಸಿದ್ಧತಾ ಕೋರ್ಸು ಅದೇ ವಿಶ್ವವಿದ್ಯಾಲಯದ ಪದವಿಗೆ ಬಾಗಿಲು ತೆರೆಯುತ್ತದೆ, ಅಷ್ಟೇ. ಅದು ಪಿಯುಸಿಗೆ ಸಮವಲ್ಲ. ಇದನ್ನು ಕೋರ್ಸಿಗೆ ಸೇರಿಸುವ ಏಜೆಂಟು ಹೇಳುವುದಿಲ್ಲ. ಹೀಗೆ ಬಿ.ಎ. ಮಾಡಿದ ತಾಯಿಯೊಬ್ಬರು ಎಲ್‌ಎಲ್‌ಬಿ ಸೀಟು ಸಿಗದೆ, ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿಗಳನ್ನು ಹಿಡಿದು ಬಂದಿದ್ದರು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ, ಅದಕ್ಕೆ ಬೇಕಾದ ಮೂಲ ಅರ್ಹತೆ ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಿಂದ ಪಡೆದ ಪದವಿ ಕಾನೂನು ಓದಿಗೆ ನಡೆಯುವುದಿಲ್ಲ. ಪಿಯುಸಿಯನ್ನು ದೂರಶಿಕ್ಷಣದಲ್ಲಿ ಮಾಡಿದ್ದರೆ ಅಡ್ಡಿಯಿಲ್ಲ. ಪಿಯುಸಿಯೇ ಇಲ್ಲದಿದ್ದರೆ ಮಾತ್ರ ಕಷ್ಟ. ಮೊದಲ ಪದವಿಯೇ ಇಲ್ಲದೆ ನೇರವಾಗಿ ಪಡೆದ ಎಂ.ಎ.ಯನ್ನು ಸುಪ್ರೀಂ ಕೋರ್ಟು 2009ರ ಅಣ್ಣಾಮಲೈ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಒಪ್ಪಲಿಲ್ಲ.

ಹಾಗಾದರೆ ದಾರಿ? ಮೊದಲು ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ. ಕರ್ನಾಟಕದ ಮಂಡಳಿಯ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್. ಅಲ್ಲಿ ಒಮ್ಮೆ ಸೇರಿದರೆ 5 ವರ್ಷ ಅವಕಾಶವಿದೆ, ಪಾಸಾಗಲು ವಿಷಯಕ್ಕೆ ಶೇ. 33 ಸಾಕು. ಅರ್ಜಿಯನ್ನು ನೀವೇ ಆನ್‌ಲೈನಿನಲ್ಲಿ ಹಾಕಬಹುದು, ಮಧ್ಯವರ್ತಿ ಬೇಕಿಲ್ಲ. ಹತ್ತನೆಯದಕ್ಕೂ ಹನ್ನೆರಡನೆಯದಕ್ಕೂ ನಡುವೆ 2 ವರ್ಷ ಅಂತರವಿರಬೇಕು. 'ಎರಡೂ ಒಂದೇ ವರ್ಷದಲ್ಲಿ ಮಾಡಿಸಿಕೊಡುತ್ತೇವೆ' ಎಂದು ಗೋಡೆಗೆ ಪೋಸ್ಟರು ಅಂಟಿಸಿದವನ ಕಡೆ ತಿರುಗಿಯೂ ನೋಡಬೇಡಿ.

ಅರ್ಜಿ ಹಾಕುವ ಹೊತ್ತಿಗೆ ಟಿಸಿ, ಅಂದರೆ ಶಾಲೆಯ ವರ್ಗಾವಣೆ ಪತ್ರ, ಅಡ್ಡಿಯಾಗುತ್ತದೆ. ಓದಿದ ಶಾಲೆಯೇ ಮುಚ್ಚಿರುತ್ತದೆ, ಗುಮಾಸ್ತ 'ನಾಳೆ ಬಾ' ಅನ್ನುತ್ತಾನೆ. ಬಾಯಿಮಾತಿಗೆ ಬಗ್ಗಬೇಡಿ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆದರೂ ಕೆಲಸ ಕದಲದಿದ್ದರೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಕೊಡಲೇಬೇಕು. ಆಧಾರ್‌ನಲ್ಲಿರುವ ಹೆಸರು, ಇನಿಷಿಯಲ್ ಟಿಸಿಯಲ್ಲಿರುವುದಕ್ಕೆ ಹೊಂದದಿದ್ದರೆ ಪರೀಕ್ಷೆ ಕಟ್ಟುವ ಮೊದಲೇ ಸರಿಪಡಿಸಿಕೊಳ್ಳಿ. ಅಂಕಪಟ್ಟಿಯಲ್ಲಿ ತಪ್ಪು ಹೆಸರು ಅಚ್ಚಾದರೆ ಅಲೆದಾಟ ದುಪ್ಪಟ್ಟು.

ಪಿಯುಸಿ ಆದ ಮೇಲೂ ಎಚ್ಚರ ಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಯುಜಿಸಿ ಮಾನ್ಯತೆ ನಿಂತುಹೋಗಿ, ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸೇರಿದವರು ಪಟ್ಟ ಪಾಡು ಅವರಿಗೇ ಗೊತ್ತು. ಆದ್ದರಿಂದ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರು, ನಿಮ್ಮ ಕೋರ್ಸು, ನೀವು ಸೇರುವ ವರ್ಷ, ಮೂರನ್ನೂ ನೋಡಿಯೇ ಫೀಸು ಕಟ್ಟಿ. ಮೂಲ ಅಂಕಪಟ್ಟಿಯನ್ನು ಯಾವ ಟ್ಯುಟೋರಿಯಲ್‌ಗೂ ಒಪ್ಪಿಸಬೇಡಿ, ಜೆರಾಕ್ಸ್ ಕೊಡಿ. ರಸೀದಿ ಕೊಡದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.