ಕೂಸು ಮಿಶ್ರಿಕೋಟಿಯಲ್ಲಿ, ತಾಯಿ ವಿಮಾನದಲ್ಲಿ: ಎದೆಹಾಲು ತರುವವರಿಗೆ

ಹೆರಿಗೆ ರಜೆ 2017ರ ತಿದ್ದುಪಡಿಯ ನಂತರ 26 ವಾರ ಆಗಿದೆ. ಕೂಸಿಗೆ ಆರು ತಿಂಗಳು ಬರೀ ಎದೆಹಾಲು ಕುಡಿಸಿ ಎಂದು ಡಾಕ್ಟರು ಹೇಳುವ ಲೆಕ್ಕಕ್ಕೂ ಅದಕ್ಕೂ ಸರಿಹೋಗಬೇಕು. ಆದರೆ ಹೆರಿಗೆಗೆ ಮುಂಚೆಯೇ ಒಂದಿಷ್ಟು ವಾರ ರಜೆ ಹಾಕಿದವರಿಗೆ ಲೆಕ್ಕ ತಪ್ಪುತ್ತದೆ. ಕೂಸಿಗೆ ಐದು ತಿಂಗಳು ತುಂಬುವಷ್ಟರಲ್ಲಿ ಬೆಂಗಳೂರಿನ ಆಫೀಸಿನಿಂದ ಫೋನು ಬರುತ್ತದೆ. ಆಗ ಕೂಸನ್ನು ಹುಬ್ಬಳ್ಳಿ ಬಳಿಯ ಮಿಶ್ರಿಕೋಟಿಯಂಥ ತವರೂರಿನಲ್ಲಿ ಅವ್ವನ ಕೈಗೆ ಕೊಟ್ಟು ಹೋಗಿ, ವಾರದ ಕೊನೆಗೆ ಹಿಂಡಿಟ್ಟ ಹಾಲಿನೊಂದಿಗೆ ಬರುವವರಿಗಾಗಿ ಈ ಬರಹ. ಕೂಸನ್ನು ಸಂಗಡ ಕರೆದುಕೊಂಡು ಬರುವವರಿಗೆ ಇದರಲ್ಲಿ ಅರ್ಧ ಸಾಕು. ಕೂಸು ಮಡಿಲಲ್ಲಿದ್ದರೆ ಹಾಲಿಗೆ ಬೇರೆ ಡಬ್ಬಿಯೇ ಬೇಡ. ವಿಮಾನ ಏರುವಾಗ, ಇಳಿಯುವಾಗ ಎದೆಗೆ ಹಚ್ಚಿದರೆ ಕಿವಿ ನೋವೂ ಕಡಿಮೆಯಾಗುತ್ತದೆ.

ಮೊದಲೊಂದು ಮಾತು. ಕೂಸು ಜೊತೆಗಿರಲಿ, ಬರೀ ಹಾಲೇ ಇರಲಿ, ವಿಮಾನಕ್ಕಿಂತ ರೈಲು ವಾಸಿ. 2023ರ ಜೂನ್‌ನಿಂದ ಓಡುತ್ತಿರುವ ಬೆಂಗಳೂರು–ಧಾರವಾಡ ವಂದೇ ಭಾರತ್ ಐದಾರು ಗಂಟೆಯಲ್ಲಿ ಹುಬ್ಬಳ್ಳಿಗೆ ಮುಟ್ಟಿಸುತ್ತದೆ. ವಿಮಾನದ ಹಾರಾಟ ಒಂದು ಗಂಟೆಯ ಆಸುಪಾಸಿನದೇ ಇರಬಹುದು. ಆದರೆ ದೇವನಹಳ್ಳಿವರೆಗಿನ ಟ್ರಾಫಿಕ್ಕು, ಮುಂಚಿತವಾಗಿ ಹೋಗಿ ಕೂಡುವುದು, ಹುಬ್ಬಳ್ಳಿಯಲ್ಲಿ ಇಳಿದು ಮಿಶ್ರಿಕೋಟಿಗೆ ಹೋಗುವುದು ಎಲ್ಲ ಸೇರಿಸಿದರೆ ಅದೂ ಐದಾರು ಗಂಟೆಯೇ. ರೈಲಿನಲ್ಲಿ ಹಾಲಿನ ಬ್ಯಾಗು ಬಿಚ್ಚಿ ತೋರಿಸಿ ಎನ್ನುವವರೂ ಇಲ್ಲ. ರೈಲಿನ ಹೊತ್ತು ಹೊಂದದಿದ್ದರೆ, ಇಲ್ಲವೇ ನೀವು ಮುಂಬೈ, ಹೈದರಾಬಾದು, ಪರದೇಶ ಎಂದು ದೂರದಿಂದ ಬರುತ್ತಿದ್ದರೆ, ಮುಂದೆ ಓದಿ.

ಹಾಲಿನ ಲೆಕ್ಕವನ್ನು ಊರಿನಿಂದ ಹಿಂದಕ್ಕೆ ಹಾಕುತ್ತ ಬರಬೇಕು. ಹೊಸದಾಗಿ ಹಿಂಡಿದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಗಟ್ಟಿ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಇಟ್ಟ ಕೂಲರ್ ಬ್ಯಾಗಿನಲ್ಲಿ 24 ಗಂಟೆ ಇರುತ್ತದೆ. ಹುಬ್ಬಳ್ಳಿ ಕಡೆ ಏಪ್ರಿಲ್ ಬಿಸಿಲಿಗೆ 25 ಡಿಗ್ರಿಯ ಕೋಣೆ ಎಲ್ಲಿಂದ ಬರಬೇಕು? ಆದ್ದರಿಂದ ಆ ನಾಲ್ಕು ಗಂಟೆಯನ್ನು ಲೆಕ್ಕದಿಂದಲೇ ತೆಗೆದುಬಿಡಿ. ಕೂಲರ್ ಬ್ಯಾಗಿನ 24 ಗಂಟೆಯೊಂದೇ ನಿಮ್ಮ ಆಧಾರ. ಬೆಂಗಳೂರಿನಿಂದ ಬರುವವರಿಗೆ ಅದು ಧಾರಾಳ. ಅಮೆರಿಕದಿಂದ ಎರಡು ವಿಮಾನ ಬದಲಿಸಿ ಬರುವವರಿಗೆ ಸಾಲದು, ನಡುವೆ ಐಸ್ ಬದಲಿಸಬೇಕು. ಒಣ ಐಸ್ ಒಯ್ಯುವುದಾದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಒಬ್ಬರಿಗೆ ಎರಡೂವರೆ ಕಿಲೋ ಮಿತಿ, ಗಾಳಿ ಆಡುವ ಪೆಟ್ಟಿಗೆಯೇ ಆಗಬೇಕು. ಇಷ್ಟು ಉಪದ್ವ್ಯಾಪ ಒಂದು ಗಂಟೆಯ ಹಾರಾಟಕ್ಕೆ ಬೇಡ.

ಹಾಲು ತುಂಬುವಾಗ ದೊಡ್ಡ ಬಾಟಲಿಗೆ ಕೈಹಾಕಬೇಡಿ. ಕೂಸು ಒಂದು ಹೊತ್ತಿಗೆ ಕುಡಿಯುವಷ್ಟನ್ನು ಒಂದೊಂದು ಚೀಲಕ್ಕೆ ಹಾಕಿ, ಮೇಲೆ ತಾರೀಖು, ಹೊತ್ತು ಬರೆಯಿರಿ. ಫ್ರೀಜರಿಗೆ ಹೋಗುವ ಚೀಲದಲ್ಲಿ ಸ್ವಲ್ಪ ಜಾಗ ಬಿಡಿ, ಹೆಪ್ಪುಗಟ್ಟಿದಾಗ ಹಾಲು ಉಬ್ಬುತ್ತದೆ. ಚೀಲಗಳನ್ನೆಲ್ಲ ಪಾರದರ್ಶಕ ಜಿಪ್ ಕವರಿನಲ್ಲಿ ಸೇರಿಸಿಡಿ. ಹಾಲಿಗೆ ದೃಷ್ಟಿ ತಾಗೀತೆಂದು ಕಪ್ಪು ಕವರು ಸುತ್ತಿಕೊಡುವ ಹಿರಿಯರಿರುತ್ತಾರೆ. ಅವರ ಮನಸ್ಸು ನೋಯಿಸದೆ, ಹೊರಡುವಾಗ ಆ ಕವರು ತೆಗೆದುಬಿಡಿ. ಕಣ್ಣಿಗೆ ಕಾಣದ್ದನ್ನೇ ಭದ್ರತೆಯವರು ಬಿಚ್ಚಿಸುವುದು.

ಇನ್ನು ತಪಾಸಣೆ. ಪರದೇಶಕ್ಕೆ ಹೋಗುವ ವಿಮಾನದಲ್ಲಿ ದ್ರವ, ಜೆಲ್ ಯಾವುದೇ ಇರಲಿ, ಒಂದು ಡಬ್ಬಿಗೆ 100 ಮಿಲಿ ಮಿತಿ ಎಂಬುದು ಎಲ್ಲರಿಗೂ ಗೊತ್ತು. ಕೂಸಿನ ಆಹಾರಕ್ಕೆ, ಔಷಧಕ್ಕೆ ಅದರಲ್ಲಿ ವಿನಾಯಿತಿ ಇದೆ, ಪ್ರಯಾಣಕ್ಕೆ ತಕ್ಕಷ್ಟು ಒಯ್ಯಬಹುದು. ದೇಶದೊಳಗಿನ ಹಾರಾಟದಲ್ಲಿ ಆ 100 ಮಿಲಿಯ ಬಿಗಿ ಇಲ್ಲ, ಜನ ನೀರಿನ ಬಾಟಲಿ ಹಿಡಿದುಕೊಂಡೇ ಒಳಗೆ ಹೋಗುತ್ತಾರೆ. ತೊಡಕು ಬರುವುದು ಒಂದೇ ಕಡೆ: ಕೂಸು ಕಾಣದೆ ಬರೀ ಹಾಲು ಕಂಡಾಗ. ಕೌಂಟರಿನಲ್ಲಿ ಕೂತವರಿಗೆ ಇದು ದಿನಾ ಕಾಣುವ ಸಂಗತಿಯಲ್ಲ. ಅವರು ಕೇಳುವವರೆಗೂ ಕಾಯಬೇಡಿ. ಟ್ರೇಗೆ ಇಡುವ ಮೊದಲೇ, ಅಳುಕದೆ ಹೇಳಿ: ‘ಇದು ಎದೆಹಾಲು, ಕೂಸು ಊರಲ್ಲಿದೆ, ಇದು ಐಸ್ ಪ್ಯಾಕ್, ಇದು ಪಂಪ್.’ ಬೆಂಗಳೂರಿನಲ್ಲಿ ತಪಾಸಣೆ ಸಿಐಎಸ್‌ಎಫ್‌ನವರದು, ಹಿಂದಿಯಲ್ಲಿ ‘ಮಾ ಕಾ ದೂಧ್’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಹೆಂಗಸರ ತಪಾಸಣೆ ಪರದೆಯ ಹಿಂದೆ ಮಹಿಳಾ ಸಿಬ್ಬಂದಿಯೇ ಮಾಡುತ್ತಾರೆ. ಸಂಕೋಚ ಇದ್ದರೆ ಅಲ್ಲಿಯೂ ಅವರಿಗೆ ಹೇಳಬಹುದು. ಕೂಸಿನ ಜನನ ಪ್ರಮಾಣಪತ್ರದ ಫೋಟೋ ಮೊಬೈಲಿನಲ್ಲಿರಲಿ. ಅದನ್ನು ತೋರಿಸಲೇಬೇಕೆಂದಿಲ್ಲ, ಆದರೆ ಇದ್ದರೆ ವಾದ ಬೆಳೆಯುವುದಿಲ್ಲ.

ಎಕ್ಸ್‌ರೇಯಿಂದ ಹಾಲು ಕೆಡುವುದಿಲ್ಲ, ಹೆದರಬೇಡಿ. ಮುಚ್ಚಿದ ಚೀಲ ಬಿಚ್ಚಿಸುವುದು, ಕುಡಿದು ತೋರಿಸಿ ಎನ್ನುವುದು ಇಂಥವು ಬಂದರೆ ಅಲ್ಲೇ ಜಗಳಕ್ಕೆ ನಿಲ್ಲದೆ ಮೇಲಿನ ಅಧಿಕಾರಿಯನ್ನು ಕರೆಯಿಸಿ. ಬಿಚ್ಚಿದರೆ ಹಾಲು ಕೆಡುತ್ತದೆ ಎಂಬಷ್ಟು ಹೇಳಿದರೆ ಸಾಕು. ಪಂಪನ್ನು ಲ್ಯಾಪ್‌ಟಾಪಿನಂತೆ ಹೊರಗೆ ತೆಗೆದು ಟ್ರೇಯಲ್ಲಿಡಿ. ಅದಕ್ಕೆ ಹಚ್ಚುವ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ತಪಾಸಣೆ ದಾಟುವಾಗ ಐಸ್ ಪ್ಯಾಕ್ ಕಲ್ಲಿನಂತಿದ್ದರೆ ಪ್ರಶ್ನೆ ಕಡಿಮೆ. ಕರಗಿ ಜೋಲಾಡಿದರೆ ಅದೂ ಜೆಲ್ಲೇ. ಒಳಗೆ ಹೋದ ಮೇಲೆ ಕಾಫಿ ಅಂಗಡಿಯಲ್ಲಿ ಐಸ್ ಕೇಳಿ ಜಿಪ್ ಕವರಿಗೆ ತುಂಬಿಕೊಳ್ಳಬಹುದು.

ಪರದೇಶದಿಂದ ಬರುವವರು ನಡುವೆ ವಿಮಾನ ಬದಲಿಸುವ ದೇಶದ ನಿಯಮ ನೋಡಿಕೊಳ್ಳಬೇಕು, ತಪಾಸಣೆ ಅಲ್ಲಿ ಮತ್ತೊಮ್ಮೆ ಆಗುತ್ತದೆ. ಅಮೆರಿಕದಲ್ಲಿ ಕೂಸು ಜೊತೆಗಿಲ್ಲದಿದ್ದರೂ 100 ಮಿಲಿ ಮೀರಿದ ಎದೆಹಾಲು, ಐಸ್ ಪ್ಯಾಕ್ ಒಯ್ಯಬಹುದು. 2016ರಲ್ಲಿ ಇದಕ್ಕಾಗಿಯೇ ಒಂದು ಕಾಯ್ದೆ ಬಂತು. ಬ್ರಿಟನ್ನಿನಲ್ಲಿ ಒಂದು ಡಬ್ಬಿಗೆ 2000 ಮಿಲಿವರೆಗೆ ಬಿಡುತ್ತಾರೆ. ಆದರೆ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದ ಹಾಲನ್ನು ಕೈಚೀಲದಲ್ಲಿ ಬಿಡುವುದಿಲ್ಲ. ನ್ಯೂಯಾರ್ಕಿನಲ್ಲಿ ಸಲೀಸಾಗಿ ದಾಟಿದ ಹಾಲು ಲಂಡನ್ನಿನಲ್ಲಿ ನಿಲ್ಲುವುದು ಹೀಗೆ.

ತಾಯಿಯೇ ಬರಬೇಕೆಂದೂ ಇಲ್ಲ. 2020ರ ಕೊರೋನಾ ಕಾಲದಲ್ಲಿ ಲೇಹ್‌ನಲ್ಲಿ ಹುಟ್ಟಿದ ಹಸುಗೂಸನ್ನು ಅನ್ನನಾಳದ ಶಸ್ತ್ರಚಿಕಿತ್ಸೆಗೆಂದು ದಿಲ್ಲಿಗೆ ಒಯ್ದಿದ್ದರು. ಸಿಸೇರಿಯನ್ ಆಗಿದ್ದ ತಾಯಿ ಲೇಹ್‌ನಲ್ಲೇ ಉಳಿದಳು. ಆಕೆಯ ಹಾಲು ಒಂದು ತಿಂಗಳಷ್ಟು ಕಾಲ ದಿನವೂ ವಿಮಾನದಲ್ಲಿ ದಿಲ್ಲಿಗೆ ಬಂತು, ಯಾರ್‍ಯಾರೋ ಪ್ರಯಾಣಿಕರ ಕೈಯಲ್ಲಿ. ಅಷ್ಟು ದೂರ ಹಾಗೆ ಬಂದಿದ್ದು ಹುಬ್ಬಳ್ಳಿಗೆ ಬಾರದೇ ಇರುತ್ತದೆಯೇ?

ಹುಬ್ಬಳ್ಳಿಗೆ ಬರುವುದು ಸಣ್ಣ ಎಟಿಆರ್ ವಿಮಾನವಾದರೆ ತಲೆಮೇಲಿನ ಗೂಡು ಸಣ್ಣದು. ದೊಡ್ಡ ಕೈಚೀಲಗಳನ್ನು ಬಾಗಿಲಲ್ಲೇ ಇಸಿದುಕೊಂಡು ಕೆಳಗೆ ಹಾಕುವುದುಂಟು. ಹಾಲಿನ ಬ್ಯಾಗು ಪುಟ್ಟದಿರಲಿ, ಮುಂದಿನ ಸೀಟಿನ ಅಡಿಗೆ ಹಿಡಿಯುವಂತಿರಲಿ, ಕೈಬಿಡಬೇಡಿ.

ಗೋಕುಲ ರಸ್ತೆಯ ನಿಲ್ದಾಣದಿಂದ ಹೊರಬಂದ ಮೇಲೆ ಕಲಘಟಗಿ ದಿಕ್ಕಿನ ಕಾರವಾರ ರಸ್ತೆ ಹಿಡಿಯಬೇಕು. ಊರಿನಿಂದ ಗಾಡಿ ಬಂದರೆ ಒಳ್ಳೆಯದು. ಬಸ್ಸಿಗೆ ಹೋದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ಕಾಸು ಬೇಡ, ಆದರೆ ಸಂತೆ, ಜಾತ್ರೆಯ ದಿನದ ಗದ್ದಲದಲ್ಲಿ ಚೀಲ ಹಿಸುಕಿಹೋದೀತು. ಗಾಡಿಯಲ್ಲಾದರೂ ಡಿಕ್ಕಿಯಲ್ಲಿ ಇಡಬೇಡಿ, ಕಾಲಬಳಿ ಇಟ್ಟುಕೊಳ್ಳಿ.

ನಿಜವಾದ ಪರೀಕ್ಷೆ ಮನೆಯೊಳಗೆ. ಫ್ರಿಜ್ಜಿನಲ್ಲಿಟ್ಟ ಎದೆಹಾಲು ಬೇರೆಯಾಗಿ ಮೇಲೆ ಕೆನೆ ಕಟ್ಟುತ್ತದೆ, ಕೆಳಗಿನದು ನೀರಿನಂತೆ ತೆಳ್ಳಗೆ, ಒಂದೊಂದು ಸಲ ನಸು ನೀಲಿ ಕಾಣುತ್ತದೆ. ಎಮ್ಮೆಹಾಲು ಕಂಡ ಕಣ್ಣಿಗೆ ಇದು ಒಡೆದ ಹಾಲು. ‘ಕೆಟ್ಟೈತಿ’ ಎಂದು ಅವ್ವ ಬಚ್ಚಲಿಗೆ ಚೆಲ್ಲುವುದಕ್ಕೂ ಸೈ, ಒಲೆಗಿಟ್ಟು ಉಕ್ಕಿಸುವುದಕ್ಕೂ ಸೈ. ಎರಡೂ ಬೇಡವೆಂದು ಮೊದಲೇ ಫೋನಿನಲ್ಲಿ ಹೇಳಿಡಿ. ಚೀಲವನ್ನು ಬೆಚ್ಚನೆ ನೀರಿನಲ್ಲಿಟ್ಟು ಮೆಲ್ಲಗೆ ಅಲ್ಲಾಡಿಸಿದರೆ ಕೆನೆ ಬೆರೆಯುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಇಡದೆ ಹಿಂಭಾಗದಲ್ಲಿ ಇಡಲಿ, ಕರೆಂಟು ಹೋದರೆ ಪದೇಪದೇ ತೆಗೆಯದಿರಲಿ. ಫ್ರೀಜರಿನಲ್ಲಿ ಎರಡು ನೀರಿನ ಬಾಟಲಿ ಹೆಪ್ಪುಗಟ್ಟಿಸಿಟ್ಟರೆ ಕರೆಂಟಿಲ್ಲದಾಗ ತಂಪು ಉಳಿಸುತ್ತವೆ. ಫ್ರೀಜರಿನ ಹಾಲು ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬಾರದು, ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು. ಕುಡಿಸಲು ಒಳಲೆ ಅಥವಾ ಬಟ್ಟಲು-ಚಮಚ ಬಾಟಲಿಗಿಂತ ಲೇಸು, ಕುದಿವ ನೀರಿನಲ್ಲಿ ತೊಳೆಯುವುದೂ ಸುಲಭ. ಕೂಸು ಕುಡಿದು ಬಿಟ್ಟ ಹಾಲನ್ನು 2 ಗಂಟೆ ಮೀರಿ ಇಡಬೇಡಿ.

ತಿರುಗಿ ಹೊರಡುವಾಗ ಅವ್ವ ಅಂಟಿನುಂಡಿಯ ಡಬ್ಬಿ ಕಟ್ಟಿಕೊಡುವುದು ಇದ್ದದ್ದೇ. ಅದನ್ನು ಒಯ್ಯಿರಿ. ಅದರ ಜೊತೆ ಇಡೀ ಒಣಕೊಬ್ಬರಿ ಬಟ್ಟಲು ಕೊಟ್ಟರೆ ಮಾತ್ರ ಬೇಡವೆನ್ನಿ: ಎಣ್ಣೆ ತುಂಬಿದ ಒಣಕೊಬ್ಬರಿಗೆ ಬೆಂಕಿ ಬೇಗ ಹತ್ತುತ್ತದೆ ಎಂದು ಅದನ್ನು ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಎದೆಹಾಲು ದಾಟಿಸಿದವರು ಕೊಬ್ಬರಿಗಾಗಿ ಬ್ಯಾಗು ಬಿಚ್ಚಿ ನಿಲ್ಲುವುದು ಬೇಡ. ಕರಗಿದ ಐಸ್ ಪ್ಯಾಕುಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ, ಪಂಪು ಮಾತ್ರ ಕೈಯಲ್ಲಿರಲಿ. ಎದೆ ಬಿಗಿಯಾದರೆ ನಿಲ್ದಾಣದಲ್ಲೇ ಹಿಂಡಬೇಕಾಗುತ್ತದೆ, ತಾಯಿ-ಮಗುವಿನ ಕೋಣೆ ಎಲ್ಲಿ ಎಂದು ಬೋರ್ಡಿಂಗ್ ಪಾಸ್ ಪಡೆಯುವಾಗಲೇ ಕೇಳಿಟ್ಟುಕೊಳ್ಳಿ.