ಬಲ್ಬು ಬದಲಿಸುವ ಮೊದಲು ವಯರು ನೋಡಿ

ಹಳೇ ಜೀಪು, ಪಿಕಪ್ಪು ಇಟ್ಟುಕೊಂಡವರು ಒಂದಲ್ಲ ಒಂದು ದಿನ ಹೇಳುವ ಮಾತು: "ಇದರ ಲೈಟೇ ಸರಿಯಿಲ್ಲ." ನಾನೂ ಹೇಳುತ್ತಿದ್ದೆ. 2016ರ ಮಳೆಗಾಲದ ಒಂದು ರಾತ್ರಿ ಮನೆಯವರನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಮಳೆ, ಜೊತೆಗೆ ಮಂಜು. ತಿರುವಿನ ಕಟ್ಟೆ ಕಣ್ಣಿಗೆ ಬಿದ್ದದ್ದು ಮೂತಿಗೆ ತಾಗುವಷ್ಟು ಹತ್ತಿರ ಬಂದ ಮೇಲೆ. ಬ್ರೇಕು ಹಿಡಿಯಿತು, ಉಳಿದುಕೊಂಡೆವು.

ಮರುದಿನವೇ ಹೋಗಿ 100/90 ವ್ಯಾಟಿನ ದೊಡ್ಡ ಬಲ್ಬು ಹಾಕಿಸಿದೆ. ಬೆಳಕು ಸ್ವಲ್ಪ ಜಾಸ್ತಿ ಆಯ್ತು. ಹದಿನೈದು ದಿನದಲ್ಲಿ ಹೋಲ್ಡರಿನ ಪ್ಲಾಸ್ಟಿಕ್ ಕರಗಿತು, ಸ್ವಿಚ್ಚಿನಿಂದ ಸುಟ್ಟ ವಾಸನೆ ಬಂತು. ಆಗ ನಮ್ಮೂರಿನ ಎಲೆಕ್ಟ್ರಿಶಿಯನ್ ಹೇಳಿದ: "ಅಣ್ಣಾ, ನಿಮ್ಮ ಹಳೇ ಬಲ್ಬಿಗೆ ಎಂತದೂ ಆಗಿರ್ಲಿಲ್ಲ. ಅದಕ್ಕೆ ಕರೆಂಟು ಹೊಟ್ಟೆತುಂಬ ಸಿಗ್ತಾ ಇರ್ಲಿಲ್ಲ, ಅಷ್ಟೆ." ಅವನಿಂದ ಕಲಿತದ್ದನ್ನು, ಮತ್ತೆ ನಾನೇ ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಕರೆಂಟಿನ ದಾರಿ

ನಮ್ಮ ಹೆಚ್ಚಿನ ಹಳೇ ವಾಹನಗಳಲ್ಲಿರುವುದು ಎಚ್4 ಹ್ಯಾಲೊಜನ್ ಬಲ್ಬು. 12 ವೋಲ್ಟು, 60/55 ವ್ಯಾಟು. ಒಳಗೆ ಎರಡು ತಂತಿ: ಬ್ರೈಟಿಗೆ 60 ವ್ಯಾಟಿನದ್ದು, ಡಿಪ್ಪಿಗೆ 55ರದ್ದು. ಡಿಪ್ ತಂತಿಯ ಅಡಿಯಲ್ಲಿ ಲೋಹದ ಒಂದು ಪುಟ್ಟ ಬಟ್ಟಲು ಇದೆ. ಬೆಳಕು ಮೇಲಕ್ಕೆ ಹೋಗಿ ಎದುರಿನವರ ಕಣ್ಣು ಕುಕ್ಕದಂತೆ ತಡೆಯುವುದು ಅದೇ. ಹಿಂದೆ ಮೂರು ಕಾಲು: ಡಿಪ್ಪಿಗೆ, ಬ್ರೈಟಿಗೆ ಒಂದೊಂದು, ಎರಡಕ್ಕೂ ಸೇರಿ ಇನ್ನೊಂದು.

ಲೆಕ್ಕ ಸುಲಭ. 60 ವ್ಯಾಟನ್ನು 12ರಿಂದ ಭಾಗಿಸಿದರೆ 5 ಆಂಪಿಯರ್. ಎರಡು ಬಲ್ಬಿಗೆ 10. ಈ ಹತ್ತೂ ಆಂಪಿಯರ್ ಬ್ಯಾಟರಿಯಿಂದ ಹೊರಟು ಹೆಡ್‌ಲೈಟ್ ಸ್ವಿಚ್ಚು, ಡಿಪ್ಪರ್ ಸ್ವಿಚ್ಚು, ಫ್ಯೂಸು ದಾಟಿ, ಸಪೂರ ವಯರಿನಲ್ಲಿ ಮುಂದೆ ಬಂದು, ಬಲ್ಬು ಉರಿಸಿ, ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಹಿಂತಿರುಗಬೇಕು. ದಾರಿಯ ಪ್ರತಿ ಜೋಡಣೆಯಲ್ಲೂ ಸ್ವಲ್ಪ ವೋಲ್ಟೇಜು ಸೋರುತ್ತದೆ. ಗುಡ್ಡದ ಟಾಂಕಿ ತುಂಬಿದ್ದರೂ ಪೈಪು ಸಪೂರವಾಗಿ, ಒಳಗೆ ಕಸ ಕಟ್ಟಿದ್ದರೆ ಸ್ಪ್ರಿಂಕ್ಲರು ತಿರುಗದ ಹಾಗೆ. ಅಂಥಲ್ಲಿ ದೊಡ್ಡ ಬಲ್ಬು ಹಾಕಿದರೆ ಅದೇ ಪೈಪಿನಲ್ಲಿ ಇನ್ನೂ ಹೆಚ್ಚು ನೀರು ಎಳೆದಂತೆ. ಸೋರಿಕೆಯೂ ಹೆಚ್ಚು, ಬಿಸಿಯೂ ಹೆಚ್ಚು.

ಹ್ಯಾಲೊಜನ್ ಬಲ್ಬಿನ ಇನ್ನೊಂದು ಗುಣ ಗೊತ್ತಿರಲಿ. ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಹೆಚ್ಚುಕಡಿಮೆ ಮೂರು ಪಾಲು ಇಳಿಯುತ್ತದೆ.

ಅಳತೆ ಮಾಡಿ ನೋಡಿ

ಒಂದು ಸಾದಾ ಮಲ್ಟಿಮೀಟರು ಸಾಕು. 20 ವೋಲ್ಟ್ ಡಿಸಿಗೆ ಇಡಿ. ಇಂಜಿನ್ ಓಡುತ್ತಿರಲಿ, ಲೈಟು ಉರಿಯುತ್ತಿರಲಿ. ಲೈಟು ಆರಿಸಿ ಅಳೆದರೆ ಪ್ರಯೋಜನವಿಲ್ಲ. ನೀರು ಹರಿಯದಿದ್ದರೆ ಪೈಪಿನ ತೊಂದರೆ ಗೊತ್ತಾಗುವುದಿಲ್ಲವಲ್ಲ!

ನನ್ನ ಜೀಪಿನಲ್ಲಿ, ಹಳೇ 60/55 ಬಲ್ಬು ಮತ್ತೆ ಹಾಕಿದ ಮೇಲೆ, ಬ್ಯಾಟರಿಯ ಎರಡು ತುದಿಗೆ ಹಿಡಿದಾಗ 13.8 ಇತ್ತು. ಬಲ್ಬಿನ ಹಿಂದೆ 11.2 ಮಾತ್ರ. ಎಂದರೆ 2.6 ವೋಲ್ಟು ದಾರಿಯಲ್ಲೇ ಖರ್ಚು. ಬೆಳಕು ಸುಮಾರು ಅರ್ಧಕ್ಕೆ ಇಳಿದಿತ್ತು.

ಎಲ್ಲಿ ಸೋರಿತು? ಬ್ಯಾಟರಿ ಪ್ಲಸ್ಸಿನಿಂದ ಬಲ್ಬಿನ ಪ್ಲಸ್ ಕಾಲಿಗೆ ಮೀಟರು ಹಿಡಿದೆ, 1.9. ಬ್ಯಾಟರಿ ಮೈನಸ್ಸಿನಿಂದ ಬಲ್ಬಿನ ಅರ್ತ್ ಕಾಲಿಗೆ, 0.7. ಎರಡೂ ಸೇರಿ ಅದೇ 2.6.

ಮೊದಲು ಅರ್ತ್

ಖರ್ಚಿಲ್ಲದ ಕೆಲಸ ಇದು. ಅರ್ತ್ ವಯರು ಬಾಡಿಗೆ ಸೇರುವ ಬೋಲ್ಟು ಬಿಚ್ಚಿ, ತುಕ್ಕು, ಪೈಂಟು ಹೋಗಿ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸು ಹಚ್ಚಿ. ನನ್ನ 0.7 ಹೀಗೆ 0.1ಕ್ಕೆ ಇಳಿಯಿತು. ಡಿಪ್ ಹಾಕಿದಾಗ ಒಂದು ಕಡೆ ಮಂಕಾಗಿ, ಮೀಟರ್ ಬೋರ್ಡಿನ ಬ್ರೈಟ್ ಸೂಚಕ ನೀಲಿ ದೀಪವೂ ಮಿಣುಕಿದರೆ ಅರ್ತಿನ ಮೇಲೆಯೇ ಸಂಶಯಪಡಿ. ಕರೆಂಟು ನೇರ ದಾರಿ ಸಿಗದೆ ಬ್ರೈಟ್ ತಂತಿಯ ಮೂಲಕ ಸುತ್ತಿ ಹೋಗುತ್ತಿರುತ್ತದೆ.

ಆಮೇಲೆ ರಿಲೇ

ಪಂಪಿನ ಸ್ಟಾರ್ಟರು ನಮಗೆಲ್ಲ ಗೊತ್ತು. ಹಸಿರು ಗುಂಡಿಯಲ್ಲಿ ಮೋಟಾರಿನ ಕರೆಂಟು ಹೋಗುವುದಿಲ್ಲ. ಅದು ಕಾಯಿಲನ್ನು ಮಾತ್ರ ಎಬ್ಬಿಸುತ್ತದೆ. ಕಾಯಿಲು ದೊಡ್ಡ ಕಾಂಟಾಕ್ಟನ್ನು ಎಳೆದು ಕೂರಿಸುತ್ತದೆ. ರಿಲೇ ಎಂದರೆ ಇದರದೇ ಮರಿ. ಕಾಯಿಲಿಗೆ ಬೇಕಾದದ್ದು ಸುಮಾರು 0.15 ಆಂಪಿಯರ್. ಸ್ವಿಚ್ಚಿನ ಮೇಲಿನ ಹತ್ತು ಆಂಪಿಯರಿನ ಭಾರ ಇಳಿಯಿತು.

ರಿಲೇಯ ಕಾಲುಗಳಲ್ಲಿ ನಂಬರು ಬರೆದಿರುತ್ತದೆ. 30ಕ್ಕೆ ಬ್ಯಾಟರಿ ಪ್ಲಸ್ಸಿನಿಂದ ಫ್ಯೂಸಿನ ಮೂಲಕ ನೇರ ವಯರು. 87ರಿಂದ ಎರಡು ಬಲ್ಬಿಗೆ. 85 ಮತ್ತು 86 ಕಾಯಿಲಿನವು: ಒಂದಕ್ಕೆ ಮೊದಲು ಬಲ್ಬಿಗೆ ಬರುತ್ತಿದ್ದ ಹಳೇ ವಯರು, ಇನ್ನೊಂದಕ್ಕೆ ಅರ್ತ್. ಡಿಪ್ಪಿಗೊಂದು, ಬ್ರೈಟಿಗೊಂದು, ಒಟ್ಟು ಎರಡು ರಿಲೇ. ಹೊಸ ವಯರು 2.5 ಸ್ಕ್ವೇರ್ ಎಂಎಂ ತಾಮ್ರದ್ದು.

ನೆನಪಿಡಬೇಕಾದದ್ದು:

ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ.

ಒಂದೊಂದು ರಿಲೇಗೆ ಪ್ರತ್ಯೇಕ 15 ಆಂಪಿಯರ್ ಫ್ಯೂಸು, ಬ್ಯಾಟರಿಯ ಪಕ್ಕದಲ್ಲೇ. ಎರಡಕ್ಕೂ ಒಂದೇ ಹಾಕಿದರೆ ಅದು ಹೋದ ಕ್ಷಣ ಘಾಟಿಯಲ್ಲಿ ಪೂರ್ತಿ ಕತ್ತಲೆ. ಫ್ಯೂಸಿನ ಬದಲು ತಂತಿ ಸುತ್ತುವುದು ಜೀಪಿಗೆ ಬೆಂಕಿ ಕೊಟ್ಟಂತೆ.

ರಿಲೇಯ ಕಾಲು ಕೆಳಮುಖವಾಗಿರಲಿ, ಮಳೆನೀರು ನಿಲ್ಲಬಾರದು.

ಕೆಲವು ವಾಹನಗಳಲ್ಲಿ ಬಲ್ಬಿನ ಸಮಾನ ಕಾಲಿಗೆ ಪ್ಲಸ್ ಬಂದು, ಸ್ವಿಚ್ಚು ಅರ್ತ್ ಕಡೆ ಇರುತ್ತದೆ. ಮೀಟರು ಹಿಡಿದು ನೋಡದೆ ವಯರು ಕತ್ತರಿಸಬೇಡಿ.

ಬಲ್ಬಿನ ಗಾಜು ಬರಿಗೈಯಲ್ಲಿ ಮುಟ್ಟಬೇಡಿ. ಕೈಯ ಜಿಡ್ಡು ತಾಗಿದಲ್ಲಿ ಗಾಜು ವಿಪರೀತ ಕಾದು ಬಲ್ಬು ಬೇಗ ಹಾಳಾಗುತ್ತದೆ.

ಹೊಸ ಕಾರುಗಳ ವಿಷಯ ಬೇರೆ. ಅವುಗಳಲ್ಲಿ ಹೆಚ್ಚಾಗಿ ರಿಲೇ ಕಂಪೆನಿಯಿಂದಲೇ ಇರುತ್ತದೆ. ಹಲವದರಲ್ಲಿ ಸ್ವಿಚ್ಚು ಬರೇ ಸಂದೇಶ ಕಳಿಸುವುದು, ಲೈಟು ಹಾಕುವುದು ಕಂಟ್ರೋಲ್ ಯೂನಿಟ್ಟು. ಅಲ್ಲಿ ವಯರಿಗೆ ಕೈ ಹಾಕಬಾರದು. ಇನ್ನು, ಹ್ಯಾಲೊಜನ್ನಿನ ಹೆಡ್‌ಲೈಟಿಗೆ ಅಗ್ಗದ ಎಲ್‌ಇಡಿ ಬಲ್ಬು ತುರುಕುವವರಿದ್ದಾರೆ. ಬೆಳಕು ಅಡ್ಡಾದಿಡ್ಡಿ ಚೆಲ್ಲಿ ಎದುರಿನ ಬೈಕಿನವನಿಗೆ ಏನೂ ಕಾಣುವುದಿಲ್ಲ. ನಮಗೆ ಕಂಡರೆ ಸಾಲದು, ಅವನಿಗೂ ಕಾಣಬೇಕು.

ಎರಡು ರಿಲೇ ಹಾಕಿದ ಮೇಲೆ ಬಲ್ಬಿನ ಹಿಂದೆ 13.3 ವೋಲ್ಟು ಬಂತು. ಬಲ್ಬು ಅದೇ ಹಳೇ 60/55. ಅದೇ ಘಾಟಿ, ಅದೇ ಮಳೆ. ತಿರುವಿನ ಕಟ್ಟೆ ಈಗ ದೂರದಿಂದಲೇ ಕಾಣುತ್ತದೆ. ಮಳೆಗಾಲ ಹಿಡಿಯುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ನಿಮ್ಮ ಗಾಡಿಗೂ ಮೀಟರು ಹಿಡಿದು ನೋಡಿ.